ಓದಿನ ಮನೆಗೆ ತಗ್ಗಿದ ಹೊಸ್ತಿಲು

ಸಾರ್ವಜನಿಕ ಗ್ರಂಥಾಲಯದ ಹಿರಿಮೆಯನ್ನು ಅದರ ಕಪಾಟಿನಲ್ಲಿರುವ ಪುಸ್ತಕಗಳ ಸಂಖ್ಯೆಯಿಂದ ಅಳೆಯುವ ರೂಢಿ ಹಳೆಯದು. ಆದರೆ ಆ ಪುಸ್ತಕಗಳ ಬಳಿಗೆ ಯಾರು ಬರಬಲ್ಲರು, ಯಾರು ಗೇಟಿನಲ್ಲೇ ಅಳುಕಿ ಹಿಂದಿರುಗುತ್ತಾರೆ ಎಂಬುದನ್ನು ತೀರ್ಮಾನಿಸುವಲ್ಲಿ ಮೆಟ್ಟಿಲು, ಬಾಗಿಲು, ಬೆಳಕು, ಶೌಚಾಲಯ ಹಾಗೂ ಕಟ್ಟಡ ತೆರೆದಿರುವ ಹೊತ್ತು, ಇವೆಲ್ಲವೂ ಪುಸ್ತಕದಷ್ಟೇ ಪಾತ್ರ ವಹಿಸುತ್ತವೆ. ಎಲ್ಲರಿಗೂ ಪ್ರವೇಶವುಂಟು ಎಂದು ಕಾನೂನು ಹೇಳಿದರೂ ಐದು ಮೆಟ್ಟಿಲು ಹತ್ತಲಾಗದವರಿಗೆ ಕಟ್ಟಡವು ಇಲ್ಲವೆಂದೇ ಹೇಳುತ್ತದೆ. ಅಂಗವಿಕಲರು, ಮಕ್ಕಳು, ವೃದ್ಧರು, ಅಕ್ಷರ ಕಲಿಯದವರು, ದಿನದ ದುಡಿಮೆಯಿಂದ ಬದುಕುವವರು ಇವರೆಲ್ಲರ ದೇಹ, ಭಾಷೆ ಮತ್ತು ದಿನಚರಿಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟುವುದನ್ನು ಎಲ್ಲರನ್ನೂ ಒಳಗೊಳ್ಳುವ ವಿನ್ಯಾಸ ಎನ್ನುತ್ತಾರೆ. ಕಟ್ಟಡ ಯಾರಿಗಾಗಿಯೋ ಅವರನ್ನೇ ಕೇಳಿ, ಅವರ ಬಳಕೆಯನ್ನು ನಡುವಿಟ್ಟುಕೊಂಡು ಕಟ್ಟುವುದು ಸಮುದಾಯ ಕೇಂದ್ರಿತ ವಿನ್ಯಾಸ. ಈ ಎರಡೂ ತತ್ವಗಳನ್ನು ಒರೆಗೆ ಹಚ್ಚಲು ಕೋಲ್ಕತ್ತದ ಕಾಳಿಘಾಟ್‌ಗಿಂತ ಕಠಿಣವೂ ಫಲವತ್ತೂ ಆದ ನೆಲ ಸಿಗುವುದು ಅಪರೂಪ.

ಒಂದು ನಾಲೆಯ ಎರಡು ದಡ

ಕಾಳಿಘಾಟ್ ಎಂದರೆ ಮೊದಲು ನೆನಪಾಗುವುದು 51 ಶಕ್ತಿಪೀಠಗಳಲ್ಲಿ ಒಂದೆಂದು ಪೂಜೆಗೊಳ್ಳುವ ಕಾಳಿಯ ದೇವಾಲಯ. ಅದರ ಈಗಿನ ಕಟ್ಟಡ 1809ರದು. ದೇವಾಲಯದ ಪಕ್ಕದಲ್ಲೇ ಹರಿಯುವ ಆದಿಗಂಗೆ ಒಂದು ಕಾಲದಲ್ಲಿ ಗಂಗೆಯ ಮುಖ್ಯ ಪಾತ್ರವಾಗಿತ್ತೆಂಬ ನಂಬಿಕೆಯಿದ್ದು, 18ನೆಯ ಶತಮಾನದ ಉತ್ತರಾರ್ಧದಲ್ಲಿ ವಿಲಿಯಂ ಟಾಲಿ ಎಂಬ ಸೇನಾಧಿಕಾರಿ ಅದರ ಹೂಳೆತ್ತಿಸಿ ಕಾಲುವೆಯಾಗಿಸಿದ್ದರಿಂದ ಅದಕ್ಕೆ ಟಾಲಿ ನಾಲೆ ಎಂಬ ಹೆಸರೂ ಬಂತು. ಈ ನಾಲೆಯ ಪೂರ್ವ ದಡದಲ್ಲಿ ಅರ್ಚಕರ ಮನೆಗಳು, ಹೂವು ಮತ್ತು ಪೇಡ ಮಾರುವ ಅಂಗಡಿಗಳು, ಶಂಖದ ಬಳೆಯ ವ್ಯಾಪಾರಿಗಳು, ಮೂರ್ತಿ ಮಾಡುವ ಪಟುವಾ ಕುಶಲಕರ್ಮಿಗಳ ಓಣಿ, ಲೈಂಗಿಕ ಕಾರ್ಯಕರ್ತೆಯರು ವಾಸಿಸುವ ಕೇರಿ, 1952ರಲ್ಲಿ ಪಾಳುಬಿದ್ದ ಯಾತ್ರಿಕರ ಛತ್ರವೊಂದರಲ್ಲಿ ಮದರ್ ತೆರೇಸಾ ಆರಂಭಿಸಿದ ನಿರ್ಮಲ ಹೃದಯ ಎಂಬ ನಿರ್ಗತಿಕರ ಆಶ್ರಯ, ಇವೆಲ್ಲವೂ ಕೆಲವೇ ನೂರು ಮೀಟರುಗಳ ಒಳಗೆ ಒತ್ತೊತ್ತಾಗಿ ಸೇರಿಕೊಂಡಿವೆ. ಬಂಗಾಳಿಯ ಜೊತೆಗೆ ಹಿಂದಿ, ಭೋಜಪುರಿ, ಒಡಿಯಾ, ಉರ್ದು ಇಲ್ಲಿನ ಬೀದಿಗಳಲ್ಲಿ ದಿನವಿಡೀ ಕೇಳಿಬರುತ್ತವೆ. ಸ್ವಲ್ಪ ಪೂರ್ವಕ್ಕೆ, ಲೇಕ್ ಮಾರ್ಕೆಟ್ ಸುತ್ತ, ದಕ್ಷಿಣ ಭಾರತೀಯರ ಹಳೆಯ ನೆಲೆಯೊಂದು ಇದೆ.

ಅದೇ ನಾಲೆಯ ಆಚೆ ದಡದಲ್ಲಿ, ದೇವಾಲಯದಿಂದ ನೇರ ಗೆರೆ ಎಳೆದರೆ ಎರಡು ಕಿಲೋಮೀಟರಿನೊಳಗೆ, ಅಲಿಪುರದ ಬೆಲ್ವೆಡೇರ್ ಆವರಣದಲ್ಲಿ ಭಾರತದ ರಾಷ್ಟ್ರೀಯ ಗ್ರಂಥಾಲಯವಿದೆ. ದೇಶದ ಅತಿದೊಡ್ಡ ಗ್ರಂಥಾಲಯವೂ ದೇಶದ ಅತ್ಯಂತ ದಟ್ಟವಾದ ತೀರ್ಥಕ್ಷೇತ್ರಗಳಲ್ಲಿ ಒಂದೂ ಇಷ್ಟು ಹತ್ತಿರದಲ್ಲಿರುವುದು ಗಮನಾರ್ಹ ಸಂಗತಿ. ಆದರೆ ಒಂದು ಗ್ರಂಥಾಲಯ ಹತ್ತಿರವಿದ್ದರೆ ಸಾಲದು, ಅದು ಹತ್ತಿರದವರದೂ ಆಗಬೇಕಾದರೆ ಬೇರೆಯದೇ ಬಗೆಯ ಕಟ್ಟಡ ಬೇಕು ಎಂಬ ಪಾಠವನ್ನು ಈ ಎರಡು ದಡಗಳು ಒಟ್ಟಾಗಿ ಕಲಿಸುತ್ತವೆ.

ಅರಮನೆಯೊಳಗಿನ ಪುಸ್ತಕಗಳು

ರಾಷ್ಟ್ರೀಯ ಗ್ರಂಥಾಲಯದ ಮೂಲ 1836ರಲ್ಲಿ ಸ್ಥಾಪನೆಯಾದ ಕಲ್ಕತ್ತಾ ಪಬ್ಲಿಕ್ ಲೈಬ್ರರಿ. ಅದು ಸರ್ಕಾರದ ಸಂಸ್ಥೆಯಾಗಿರದೆ, 300 ರೂಪಾಯಿ ಕೊಟ್ಟವರನ್ನು ಮಾಲೀಕರೆಂದು ಪರಿಗಣಿಸುತ್ತಿದ್ದ ಒಡೆತನದ ಸಂಸ್ಥೆಯಾಗಿತ್ತು. ದ್ವಾರಕಾನಾಥ ಠಾಕೂರರು ಅದರ ಮೊದಲ ಮಾಲೀಕರು. ಅಂದಿನ 300 ರೂಪಾಯಿ ಸಾಮಾನ್ಯರ ಕೈಗೆಟುಕದ ಮೊತ್ತ. ಆದರೂ ಬಡ ವಿದ್ಯಾರ್ಥಿಗಳು ಮತ್ತು ಇತರರು ನಿಗದಿತ ಅವಧಿಯವರೆಗೆ ಉಚಿತವಾಗಿ ಗ್ರಂಥಾಲಯವನ್ನು ಬಳಸಲು ಅವಕಾಶ ನೀಡಲಾಗಿತ್ತೆಂಬುದು, ಎಲ್ಲರಿಗೂ ಓದು ಎಂಬ ಆಶಯ ಅಲ್ಲಿ ಸಣ್ಣದಾಗಿಯಾದರೂ ಮೊಳೆತಿತ್ತೆಂದು ತೋರಿಸುತ್ತದೆ. ಈ ಗ್ರಂಥಾಲಯ ನೆಲೆಗೊಂಡ ಮೆಟ್ಕಾಫ್ ಹಾಲ್ ಹೂಗ್ಲಿ ನದಿಯ ದಡದಲ್ಲಿ ಗ್ರೀಕ್ ಮಾದರಿಯಲ್ಲಿ, ಎತ್ತರವಾದ ಕಟ್ಟೆಯ ಮೇಲೆ ಕಂಬಸಾಲುಗಳೊಡನೆ ಎದ್ದ ಕಟ್ಟಡ. ಅದರ ಮೆಟ್ಟಿಲುಗಳು ಜ್ಞಾನದ ಗಾಂಭೀರ್ಯವನ್ನು ಸಾರುವುದರ ಜೊತೆಗೆ ಅದನ್ನು ಬೀದಿಯಿಂದ ಬೇರ್ಪಡಿಸಿದವು. 1891ರಲ್ಲಿ ಸರ್ಕಾರಿ ಕಚೇರಿಗಳ ಗ್ರಂಥಾಲಯಗಳನ್ನು ಕೂಡಿಸಿ ರೂಪಿಸಿದ ಇಂಪೀರಿಯಲ್ ಲೈಬ್ರರಿಯೊಂದಿಗೆ ಕಲ್ಕತ್ತಾ ಪಬ್ಲಿಕ್ ಲೈಬ್ರರಿಯನ್ನು ಸೇರಿಸಿ, 1903ರ ಜನವರಿ 30ರಂದು ಲಾರ್ಡ್ ಕರ್ಜನ್ ಸಾರ್ವಜನಿಕರಿಗೆ ತೆರೆದರು.

ಸ್ವಾತಂತ್ರ್ಯಾನಂತರ, 1948ರ ಕಾಯಿದೆಯ ಮೂಲಕ ಇಂಪೀರಿಯಲ್ ಲೈಬ್ರರಿಯ ಹೆಸರು ರಾಷ್ಟ್ರೀಯ ಗ್ರಂಥಾಲಯವೆಂದು ಬದಲಾಯಿತು. ಒಂದು ಕಾಲದಲ್ಲಿ ಬಂಗಾಳದ ಲೆಫ್ಟಿನೆಂಟ್ ಗವರ್ನರರ ನಿವಾಸವಾಗಿದ್ದ ಬೆಲ್ವೆಡೇರ್ ಅರಮನೆಗೆ ಪುಸ್ತಕಗಳು ಸಾಗಿದವು. 1953ರ ಫೆಬ್ರುವರಿ 1ರಂದು ಮೌಲಾನಾ ಅಬುಲ್ ಕಲಾಂ ಆಜಾದ್ ಅದನ್ನು ಓದುಗರಿಗೆ ತೆರೆದರು. ಆಳುವವರ ನೃತ್ಯಶಾಲೆ ಸಾಮಾನ್ಯ ಓದುಗನ ವಾಚನಾಲಯವಾದದ್ದು ಹೊಸ ಗಣರಾಜ್ಯದ ಅರ್ಥಪೂರ್ಣ ನಿರ್ಧಾರಗಳಲ್ಲಿ ಒಂದು. ಈ ಪರ್ವಕಾಲದಲ್ಲಿ ಸಂಸ್ಥೆಯನ್ನು ಮುನ್ನಡೆಸಿದ ಮೊದಲ ರಾಷ್ಟ್ರೀಯ ಗ್ರಂಥಪಾಲಕ ಬಿ.ಎಸ್. ಕೇಶವನ್, ಅಂದರೆ ಬಳ್ಳಾರಿ ಶಾಮಣ್ಣ ಕೇಶವನ್, ಹಿಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು ಎಂಬುದು ಕನ್ನಡ ಓದುಗರಿಗೆ ಹೆಮ್ಮೆಯ ವಿಷಯ. ಭಾರತದಲ್ಲಿ ಪ್ರಕಟವಾಗುವ ಪುಸ್ತಕಗಳನ್ನು, ಕನ್ನಡವೂ ಸೇರಿದಂತೆ ಹಲವು ಭಾಷೆಗಳವನ್ನು ಒಂದೆಡೆ ದಾಖಲಿಸುವ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿಯ ಪ್ರಕಟಣೆ 1958ರಲ್ಲಿ ಆರಂಭವಾದದ್ದೂ ಅವರ ದೂರದೃಷ್ಟಿಯಿಂದಲೇ. ರಾಷ್ಟ್ರೀಯ ಗ್ರಂಥಾಲಯದಲ್ಲಿ ಇಂದಿಗೂ ಕನ್ನಡಕ್ಕೆ ಪ್ರತ್ಯೇಕ ವಿಭಾಗವಿದೆ.

ಇಷ್ಟಾದರೂ ರಾಷ್ಟ್ರೀಯ ಗ್ರಂಥಾಲಯದ ಮೊದಲ ಕರ್ತವ್ಯ ಸಂರಕ್ಷಣೆ. ದೇಶದ ಮುದ್ರಿತ ಸ್ಮೃತಿಯನ್ನು ಮುಂದಿನ ತಲೆಮಾರುಗಳಿಗೆ ಕಾಪಾಡಬೇಕಾದ ಸಂಸ್ಥೆಯಲ್ಲಿ ಆವರಣದ ಗೇಟು, ಓದುಗರ ಚೀಟಿ, ಬೇಕಾದ ಪುಸ್ತಕದ ಹೆಸರು ಬರೆದುಕೊಟ್ಟು ಕಾಯುವ ಪದ್ಧತಿ ಇವೆಲ್ಲ ಅನಿವಾರ್ಯ. ತೊಂದರೆ ಹುಟ್ಟುವುದು ಬಡಾವಣೆಯ ಗ್ರಂಥಾಲಯವೂ ಇದೇ ಅರಮನೆಯನ್ನು ಮಾದರಿಯಾಗಿ ಅನುಕರಿಸಿದಾಗ. ಸಂರಕ್ಷಣೆಗಾಗಿ ಹುಟ್ಟಿದ ಬೀಗ, ಬೇಲಿ, ಎತ್ತರದ ಕೌಂಟರುಗಳು ನಿತ್ಯ ಬಳಕೆಯ ಗ್ರಂಥಾಲಯಕ್ಕೆ ಬಂದು ಕುಳಿತರೆ ಅವು ಕಾಪಾಡುವುದಕ್ಕಿಂತ ಹೆಚ್ಚಾಗಿ ಜನರನ್ನು ದೂರವಿಡುತ್ತವೆ.

ಪಾಡಾಗಳ ಪರಂಪರೆ

ಕೋಲ್ಕತ್ತಕ್ಕೆ ಅರಮನೆಯಲ್ಲದ ಇನ್ನೊಂದು ಗ್ರಂಥಾಲಯ ಪರಂಪರೆಯೂ ಉಂಟು. ಬಂಗಾಳಿಗಳು ಪಾಡಾ ಎಂದು ಕರೆಯುವ, ಪರಸ್ಪರ ಮುಖ ಪರಿಚಯವಿರುವ ಓಣಿಗಳ ಸಮೂಹವು ಆ ನಗರದ ಸಾಮಾಜಿಕ ಜೀವನದ ಮೂಲ ಘಟಕ. 1883ರ ಬಾಗ್‌ಬಜಾರ್ ರೀಡಿಂಗ್ ಲೈಬ್ರರಿ, 1889ರ ಚೈತನ್ಯ ಲೈಬ್ರರಿಯಂಥ ಸಂಸ್ಥೆಗಳು ಇಂಥ ನೆರೆಹೊರೆಗಳಲ್ಲಿ ಜನರ ಚಂದಾ ಮತ್ತು ದುಡಿಮೆಯಿಂದಲೇ ಹುಟ್ಟಿದವು. ಹೂಗ್ಲಿಯ ಆಚೆ, ಉತ್ತರಪಾಡಾದಲ್ಲಿ, ಜಯಕೃಷ್ಣ ಮುಖೋಪಾಧ್ಯಾಯರು 1859ರಲ್ಲೇ ಸಾರ್ವಜನಿಕ ಗ್ರಂಥಾಲಯ ಸ್ಥಾಪಿಸಿದ್ದರು. 1925ರಲ್ಲಿ ರೂಪುಗೊಂಡ ಬಂಗಾಳದ ಗ್ರಂಥಾಲಯ ಸಂಘಕ್ಕೆ ರವೀಂದ್ರನಾಥ ಠಾಕೂರರು ಅಧ್ಯಕ್ಷರಾದರು. 1928ರಲ್ಲಿ ಕಲ್ಕತ್ತಾದಲ್ಲಿ ನಡೆದ ಅಖಿಲ ಭಾರತ ಗ್ರಂಥಾಲಯ ಸಮ್ಮೇಳನಕ್ಕೆ ಅವರು ಸಿದ್ಧಪಡಿಸಿದ ಭಾಷಣದಲ್ಲಿ, ಪುಸ್ತಕ ಕೂಡಿಹಾಕುವುದು ಸುಲಭವೆಂದೂ ಓದುಗನನ್ನು ಅತಿಥಿಯಂತೆ ಬರಮಾಡಿಕೊಳ್ಳುವುದೇ ಗ್ರಂಥಾಲಯದ ನಿಜವಾದ ಕೆಲಸವೆಂದೂ ವಾದಿಸಿದರು. ಮೂರು ವರ್ಷಗಳ ನಂತರ, 1931ರಲ್ಲಿ, ಎಸ್.ಆರ್. ರಂಗನಾಥನ್ ಗ್ರಂಥಾಲಯ ವಿಜ್ಞಾನದ ತಮ್ಮ ಪ್ರಸಿದ್ಧ ಪಂಚಸೂತ್ರಗಳನ್ನು ಪ್ರಕಟಿಸಿ, ಪುಸ್ತಕ ಇರುವುದು ಬಳಕೆಗೆ ಎಂಬ ಮೊದಲ ಸೂತ್ರದ ವಿವರಣೆಯಲ್ಲೇ ಗ್ರಂಥಾಲಯದ ಜಾಗ, ತೆರೆದಿರುವ ವೇಳೆ, ಪೀಠೋಪಕರಣ ಮತ್ತು ಸಿಬ್ಬಂದಿಯನ್ನು ಚರ್ಚಿಸಿದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ರಂಗನಾಥನ್, ಕಟ್ಟಡವೂ ಗ್ರಂಥಾಲಯ ವಿಜ್ಞಾನದ ಭಾಗವೆಂದು ಅಷ್ಟು ಮೊದಲೇ ಮನಗಂಡಿದ್ದರು.

ಪಾಡಾದ ವಾಸ್ತುವೂ ಈ ವಿಚಾರದಲ್ಲಿ ಸಮೃದ್ಧವಾಗಿದೆ. ಹಳೆಯ ಮನೆಗಳ ಮುಂದೆ, ಬೀದಿಗೆ ಅಂಟಿಕೊಂಡಂತೆ ಇರುವ ರೊಯಾಕ್ ಎಂಬ ಕಟ್ಟೆ ನಮ್ಮ ಹಳ್ಳಿಮನೆಗಳ ಜಗುಲಿಯಂತೆಯೇ ಮನೆಯವರದೂ ಹೌದು, ದಾರಿಹೋಕರದೂ ಹೌದು. ಅಲ್ಲಿ ಕುಳಿತುಕೊಳ್ಳಲು ಯಾರೂ ಅನುಮತಿ ಕೇಳುವುದಿಲ್ಲ. ಅನೇಕ ಪಾಡಾಗಳ ತಿರುವಿನಲ್ಲಿ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸುವ ಫಲಕಗಳಿದ್ದು, ಕೆಲಸಕ್ಕೆ ಹೊರಟವರು ನಿಂತಲ್ಲೇ ಓದಿ ಮುಂದೆ ಸಾಗುತ್ತಾರೆ. ಸದಸ್ಯತ್ವವಿಲ್ಲದ, ಬಾಗಿಲಿಲ್ಲದ, ಖರ್ಚಿಲ್ಲದ ಈ ಓದುವ ತಾಣಗಳಿಂದಲೇ ಕಾಳಿಘಾಟ್‌ನಂಥ ನೆಲೆಯ ಗ್ರಂಥಾಲಯ ತನ್ನ ಮುಂಭಾಗದ ರೂಪವನ್ನು ಪಡೆಯಬೇಕು. ಬೀದಿಗೆ ತೆರೆದ, ನೆರಳಿರುವ ಉದ್ದನೆಯ ಕಟ್ಟೆ, ಅದರ ಗೋಡೆಯ ಮೇಲೆ ಹಲವು ಭಾಷೆಗಳ ಪತ್ರಿಕೆಗಳು, ಕುಡಿಯುವ ನೀರು, ಒಳಗೆ ನಡೆಯುವುದನ್ನು ಹೊರಗಿನಿಂದಲೇ ಕಾಣಿಸುವ ಕಿಟಕಿ ಇಷ್ಟಿದ್ದರೆ, ಗ್ರಂಥಾಲಯದೊಳಗೆ ಎಂದೂ ಕಾಲಿಡದವನೂ ಮೊದಲು ಕಟ್ಟೆಯಲ್ಲಿ ಕೂರುತ್ತಾನೆ, ಆಮೇಲೆ ಒಳಬರುತ್ತಾನೆ.

ನೀರು ಮತ್ತು ಇಳಿಜಾರು

ವಿನ್ಯಾಸದ ನಿಜವಾದ ಪರೀಕ್ಷೆ ನಡೆಯುವುದು ವಿವರಗಳಲ್ಲಿ. ಕಾಳಿಘಾಟ್‌ನ ಅತ್ಯಂತ ಕಷ್ಟದ ವಿವರವೆಂದರೆ ನೆಲಮಟ್ಟ. ಆದಿಗಂಗೆ ಹೂಗ್ಲಿಯ ಭರತ ಇಳಿತಗಳಿಗೆ ಒಳಪಟ್ಟ ನಾಲೆಯಾದ್ದರಿಂದ ದೊಡ್ಡ ಭರತದ ದಿನಗಳಲ್ಲಿ ಅದರ ನೀರು ತಗ್ಗು ಓಣಿಗಳಿಗೆ ನುಗ್ಗುತ್ತದೆ. ಅದೇ ಹೊತ್ತಿಗೆ ಮಳೆಯೂ ಸುರಿದರೆ ಬೀದಿಯ ನೀರು ಇಳಿಯಲು ದಾರಿಯೇ ಇರುವುದಿಲ್ಲ. ಪುಸ್ತಕಗಳನ್ನು ಉಳಿಸಬೇಕಾದರೆ ಕಟ್ಟಡದ ನೆಲವನ್ನು ರಸ್ತೆಗಿಂತ ಎತ್ತರಿಸಬೇಕು, ಎಲ್ಲರೂ ಒಳಬರಬೇಕಾದರೆ ಅದನ್ನು ತಗ್ಗಿಸಬೇಕು. ಈ ಎರಡು ಬೇಡಿಕೆಗಳ ಇಕ್ಕಟ್ಟನ್ನು ಬಿಡಿಸುವುದು ಲೆಕ್ಕಾಚಾರ. ಭಾರತದ ಸುಗಮ ಪ್ರವೇಶ ಮಾರ್ಗಸೂಚಿಗಳ ಪ್ರಕಾರ ಗಾಲಿಕುರ್ಚಿ ಸಾಗುವ ಇಳಿಜಾರು ದಾರಿ, ಅಂದರೆ ರ್‍ಯಾಂಪ್, 1:12ಕ್ಕಿಂತ ಕಡಿದಾಗಿರಬಾರದು. ಪ್ರತಿ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂದು ಇದರ ಅರ್ಥ. ನೆಲವನ್ನು 90 ಸೆಂಟಿಮೀಟರ್ ಎತ್ತರಿಸಿದರೆ ಇಳಿಜಾರಿಗೇ 10.8 ಮೀಟರ್ ಬೇಕಾಗುತ್ತದೆ. ನಡುವೆ ಉಸಿರು ತೆಗೆದುಕೊಳ್ಳಲು ಒಂದೂವರೆ ಮೀಟರಿನ ಸಮತಟ್ಟಾದ ತಂಗುಜಾಗ ಸೇರಿದರೆ ಒಟ್ಟು ಉದ್ದ 12 ಮೀಟರ್ ದಾಟುತ್ತದೆ.

ಇಕ್ಕಟ್ಟಿನ ನಿವೇಶನದಲ್ಲಿ ಅಷ್ಟು ಉದ್ದದ ಇಳಿಜಾರಿಗೆ ಜಾಗವಿಲ್ಲವೆಂದು ಅದನ್ನು ಹಿತ್ತಲಿಗೆ ತಳ್ಳುವುದು, ಅಥವಾ ಕೇಳಿದರೆ ತೆಗೆದುಕೊಡುವ ತಗಡಿನ ಹಲಗೆಯಾಗಿಸುವುದು ಎಲ್ಲೆಡೆ ಕಾಣುವ ತಪ್ಪು. ಹಿಂಬಾಗಿಲಿನಿಂದ ಒಳಬರುವವರು ತಾವು ಎರಡನೆಯ ದರ್ಜೆಯ ಓದುಗರೆಂದು ಅಲ್ಲೇ ತಿಳಿದುಕೊಳ್ಳುತ್ತಾರೆ. ಇದರ ಬದಲು ಹಳೆಯ ಉತ್ತರ ಕೋಲ್ಕತ್ತದ ಮನೆಗಳ ನಡುವಂಗಳವನ್ನು ನೆನೆದು, ಆ ಅಂಗಳದ ಸುತ್ತ ತಿರುಗುವ ಇಳಿಜಾರನ್ನೇ ಎಲ್ಲರೂ ಬಳಸುವ ಮುಖ್ಯ ದಾರಿಯಾಗಿಸಬಹುದು. ಗಾಲಿಕುರ್ಚಿಯವರು, ಕೋಲು ಹಿಡಿದ ಅಜ್ಜಿ, ಮಗುವನ್ನೆತ್ತಿಕೊಂಡ ತಾಯಿ, ಪುಸ್ತಕದ ಗಾಡಿ ತಳ್ಳುವ ಸಿಬ್ಬಂದಿ ಎಲ್ಲರೂ ಆಗ ಒಂದೇ ದಾರಿಯಲ್ಲಿ ನಡೆಯುತ್ತಾರೆ. ದಾರಿಯ ಬದಿಯ ಗೋಡೆ ಕಪಾಟಾದರೆ, ಹತ್ತುವುದೇ ಓದಿನ ಆರಂಭವಾಗುತ್ತದೆ. ನೀರು ಬಂದರೂ ಹಾಳಾಗದ ಕಟ್ಟೆ, ಸಭಾಂಗಣ, ಆಟದ ಜಾಗಗಳು ಕೆಳಗಿರಲಿ, ಪುಸ್ತಕ ಮತ್ತು ವಿದ್ಯುತ್ ವ್ಯವಸ್ಥೆ ಮೇಲಿರಲಿ ಎಂಬ ಹಂಚಿಕೆ ನದಿಯ ಸ್ವಭಾವವನ್ನು ಒಪ್ಪಿಕೊಂಡ ಜಾಣತನ.

ಎಲ್ಲರಿಗೂ ಸುಗಮ ದಾರಿ ಒದಗಿಸುವುದು ಔದಾರ್ಯದ ಮಾತಲ್ಲ, ಕಾನೂನಿನ ಮಾತು. 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನೂ ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಸುಗಮಗೊಳಿಸಬೇಕೆಂದು ವಿಧಿಸಿತು. 2017ರಲ್ಲಿ ಪ್ರಕಟವಾದ ನಿಯಮಗಳ ಆ ಗಡುವು 2022ರಲ್ಲೇ ಮುಗಿದಿದೆ. ಸುಗಮತೆಯ ಮಾನದಂಡಗಳು ಬರಿಯ ಶಿಫಾರಸುಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು. ಕಾಳಿಘಾಟ್‌ನಲ್ಲಿ ಯಾತ್ರಿಕರಿಗಾಗಿ ಲಿಫ್ಟು, ಎಸ್ಕಲೇಟರುಗಳಿರುವ ಸ್ಕೈವಾಕ್ 2025ರಲ್ಲಿ ತೆರೆಯಿತು. ದೇವರ ದರ್ಶನಕ್ಕೆ ಹೋಗುವವರ ಕಾಲಿನ ಕಷ್ಟವನ್ನು ಅರಿತು ದಾರಿ ಕಟ್ಟಿಕೊಡಬಲ್ಲ ವ್ಯವಸ್ಥೆಗೆ ಪುಸ್ತಕದ ಬಳಿಗೆ ಬರುವವರ ಕಷ್ಟವನ್ನು ಅರಿಯುವುದು ಅಸಾಧ್ಯವೇನಲ್ಲ.

ಒಳಗಿನ ಲೋಕ

ಬಾಗಿಲು ದಾಟಿದ ಮೇಲೂ ಕಟ್ಟಡ ಮಾತನಾಡುತ್ತಲೇ ಇರುತ್ತದೆ. ಬಾಗಿಲು ಕನಿಷ್ಠ 90 ಸೆಂಟಿಮೀಟರ್ ಅಗಲವಿರಬೇಕು, ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ವ್ಯಾಸದ ಜಾಗ ಬೇಕು, ಎರವಲು ಕೌಂಟರಿನ ಒಂದು ಭಾಗವಾದರೂ 75ರಿಂದ 80 ಸೆಂಟಿಮೀಟರ್ ಎತ್ತರದಲ್ಲಿದ್ದು ಕುಳಿತವರ ಕಣ್ಣಿಗೆ ಸಿಬ್ಬಂದಿಯ ಮುಖ ಕಾಣಬೇಕು. ಹೆಚ್ಚು ಬಳಕೆಯ ಪುಸ್ತಕಗಳು ನೆಲದಿಂದ ಸುಮಾರು 40ರಿಂದ 120 ಸೆಂಟಿಮೀಟರ್ ನಡುವೆ ಇದ್ದರೆ ಮಕ್ಕಳಿಗೂ ಕುಳಿತವರಿಗೂ ಕೈಗೆಟುಕುತ್ತವೆ. ದೃಷ್ಟಿ ಇಲ್ಲದವರಿಗೆ ಕಾಲಿಗೆ ತಿಳಿಯುವ ಉಬ್ಬುಗೆರೆಯ ನೆಲಹಾಸು, ಬ್ರೈಲ್ ಫಲಕ, ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರ, ಧ್ವನಿಮುದ್ರಣಕ್ಕೊಂದು ಸಣ್ಣ ಕೋಣೆ ಬೇಕು. ದೃಷ್ಟಿಹೀನರಿಗಾಗಿ ಪುಸ್ತಕಗಳ ರೂಪಾಂತರಕ್ಕೆ ಅವಕಾಶ ನೀಡುವ 2013ರ ಮರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು, 2014ರಲ್ಲಿ, ಅನುಮೋದಿಸಿದ ದೇಶ ಭಾರತ. ಆ ಒಪ್ಪಂದ ಕಾಗದದಿಂದ ಕಟ್ಟಡಕ್ಕೆ ಇಳಿಯಬೇಕಾದರೆ ಪ್ರತಿ ಬಡಾವಣೆಯಲ್ಲಿ ಇಂಥದೊಂದು ಕೋಣೆ ಇರಲೇಬೇಕು.

ಹವಾಮಾನವೂ ಒಂದು ಸಾಮಾಜಿಕ ಪ್ರಶ್ನೆ. ವರ್ಷಕ್ಕೆ 1,600 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕೋಲ್ಕತ್ತದ ತೇವದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಓದುಗನಿಗೆ ಬೆವರು ಹರಿಯುತ್ತದೆ. ಇಡೀ ಕಟ್ಟಡಕ್ಕೆ ಹವಾನಿಯಂತ್ರಣ ಅಳವಡಿಸಿದರೆ ವಿದ್ಯುತ್ ಬಿಲ್ಲು ಕಟ್ಟಲಾಗದೆ ಕೆಲವೇ ವರ್ಷಗಳಲ್ಲಿ ಬಾಗಿಲು ತೆರೆಯುವ ಹೊತ್ತೇ ಕಡಿಮೆಯಾಗುವ ಅಪಾಯವಿದೆ. ಎತ್ತರದ ಚಾವಣಿ, ಎದುರುಬದುರು ಕಿಟಕಿ, ಗಾಳಿ ಬಿಟ್ಟುಕೊಂಡು ಬಿಸಿಲು ಮಳೆಯನ್ನು ತಡೆಯುವ ಹಳೆಯ ಕೋಲ್ಕತ್ತದ ಮರದ ಪಟ್ಟಿಗಳ ಕಿಟಕಿ ಬಾಗಿಲುಗಳು, ಗೋಡೆಗೆ ತಾಗದಂತೆ ನಿಲ್ಲಿಸಿದ ಕಪಾಟುಗಳು ಅಗ್ಗದ, ಬಾಳಿಕೆಯ ಪರಿಹಾರಗಳು. ಅಪರೂಪದ ಕಾಗದಗಳಿಗೆ ಮಾತ್ರ ಒಂದು ತಂಪು ಕೋಣೆ ಸಾಕು.

ಆ ಕೋಣೆಯಲ್ಲಿ ಮೊದಲು ಸೇರಬೇಕಾದದ್ದು ಕಾಳಿಘಾಟ್‌ನದೇ ಚರಿತ್ರೆ. 19ನೆಯ ಶತಮಾನದಲ್ಲಿ ದೇವಾಲಯದ ಸುತ್ತ ಪಟುವಾಗಳು ಯಾತ್ರಿಕರಿಗಾಗಿ ಗಿರಣಿ ಕಾಗದದ ಮೇಲೆ ಸರಸರನೆ ಎಳೆದ ರೇಖೆಗಳಲ್ಲಿ ಬಿಡಿಸಿ ಅಗ್ಗದ ದರಕ್ಕೆ ಮಾರಿದ ಕಾಳಿಘಾಟ್ ಪಟಗಳು ಇಂದು ಜಗತ್ತಿನ ಕಲಾಸಂಪತ್ತು. ಅವುಗಳ ದೊಡ್ಡ ಸಂಗ್ರಹವೊಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ತನ್ನ ಓಣಿಯ ಪೂರ್ವಿಕರು ಬಿಡಿಸಿದ ಚಿತ್ರದ ಪ್ರತಿಯನ್ನಾದರೂ ತನ್ನ ಓಣಿಯಲ್ಲೇ ನೋಡುವ ಹಕ್ಕು ಅಲ್ಲಿನ ಮಗುವಿಗೆ ಇದೆ. ಸ್ಥಳೀಯ ಇತಿಹಾಸದ ವಿಭಾಗವು ಅಕ್ಷರ ಬಾರದವರಿಗೂ ಗ್ರಂಥಾಲಯದಲ್ಲಿ ಕೆಲಸ ಕೊಡುತ್ತದೆ. ಹಳೆಯ ಕುಶಲಕರ್ಮಿಯ ನೆನಪುಗಳನ್ನು ದಾಖಲಿಸುವಾಗ ಆತನೇ ಅಲ್ಲಿನ ಗ್ರಂಥವಾಗುತ್ತಾನೆ.

ಹೊತ್ತಿನ ಪ್ರಶ್ನೆ ಕಾಳಿಘಾಟ್‌ನಲ್ಲಿ ಇನ್ನೂ ತೀಕ್ಷ್ಣ. ಸಂಜೆ ತಾಯಂದಿರು ದುಡಿಯುವ ಹೊತ್ತಿನಲ್ಲೇ ಮಕ್ಕಳಿಗೆ ಬೆಳಕು, ಮೇಜು ಮತ್ತು ಸುರಕ್ಷಿತ ಜಾಗ ಬೇಕಾಗುವ ಕೇರಿಯಲ್ಲಿ, ಕಚೇರಿಯ ವೇಳೆಗೆ ಬಾಗಿಲು ಹಾಕುವ ಗ್ರಂಥಾಲಯದಿಂದ ಪ್ರಯೋಜನ ಕಡಿಮೆ. ಮಕ್ಕಳ ಕೋಣೆಗೆ ಪ್ರತ್ಯೇಕ ಪ್ರವೇಶ, ಹೆಣ್ಣುಮಕ್ಕಳಿಗೆ ಸ್ವಚ್ಛ ಶೌಚಾಲಯ, ತಾಯಿಯ ವೃತ್ತಿ ಅಥವಾ ಮನೆಯ ವಿಳಾಸವನ್ನು ಕೇಳದ ಸದಸ್ಯತ್ವ ಇವು ಸಿಮೆಂಟಿನಷ್ಟೇ ಮುಖ್ಯವಾದ ವಿನ್ಯಾಸದ ಅಂಶಗಳು.

ಹೊರಗಿನ ಪಾಠ, ಮನೆಯ ಪಾಠ

ಜಗತ್ತಿನ ಎರಡು ಉದಾಹರಣೆಗಳು ಇಲ್ಲಿ ದಾರಿದೀಪವೂ ಎಚ್ಚರಿಕೆಯೂ ಆಗುತ್ತವೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2018ರ ಡಿಸೆಂಬರ್ 5ರಂದು ತೆರೆದ ಊಡಿ ಗ್ರಂಥಾಲಯವು ನಗರವಾಸಿಗಳ ಸಲಹೆಗಳನ್ನು ಕೇಳಿ ರೂಪುಗೊಂಡದ್ದು. ಅದರ ಕೆಳ ಅಂತಸ್ತು ಊರ ಚೌಕದಂತೆ ತೆರೆದಿದ್ದರೆ, ನಡುವಿನ ಅಂತಸ್ತಿನಲ್ಲಿ ಹೊಲಿಗೆ ಯಂತ್ರಗಳಿಂದ ಹಿಡಿದು ಧ್ವನಿಮುದ್ರಣದವರೆಗೆ ಕೈಕೆಲಸದ ಸೌಲಭ್ಯಗಳಿವೆ, ಪುಸ್ತಕಗಳು ಮೇಲಿವೆ. ಕೊಲಂಬಿಯಾದ ಮೆಡೆಲಿನ್‌ನಲ್ಲಿ ಹಿಂಸೆಯಿಂದ ನಲುಗಿದ ಗುಡ್ಡದ ಬಡಾವಣೆಯೊಂದಕ್ಕೆ 2007ರಲ್ಲಿ ಭವ್ಯವಾದ ಎಸ್ಪಾನ್ಯಾ ಗ್ರಂಥಾಲಯವನ್ನು ಕಟ್ಟಿ, ಅತ್ಯುತ್ತಮ ಕಟ್ಟಡ ಬಡವರಿಗೇ ಸಲ್ಲಬೇಕೆಂಬ ಮೆಚ್ಚಬೇಕಾದ ತತ್ವವನ್ನು ಸಾರಲಾಯಿತು. ಆದರೆ ನಿರ್ಮಾಣದ ದೋಷಗಳಿಂದ ಅದನ್ನು 2015ರಲ್ಲಿ ಮುಚ್ಚಬೇಕಾಯಿತು. ಕಟ್ಟುವ ದಿನದ ಸಂಭ್ರಮಕ್ಕಿಂತ ನಿರ್ವಹಣೆಯ ವರ್ಷಗಳು ಮುಖ್ಯವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ನಿರ್ವಹಣೆಗೆ ಸ್ಥಿರವಾದ ಹಣ ಬೇಕು, ಹಣಕ್ಕೆ ಕಾನೂನು ಬೇಕು. ಪಶ್ಚಿಮ ಬಂಗಾಳದ 1979ರ ಗ್ರಂಥಾಲಯ ಕಾಯಿದೆಯಲ್ಲಿ ಪ್ರತ್ಯೇಕ ಗ್ರಂಥಾಲಯ ಕರವಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಅಂಥ ಕರಕ್ಕೆ ಅವಕಾಶ ಮಾಡಿಕೊಟ್ಟಿದ್ದು, ಇಂದು ಕಟ್ಟಡ ಮತ್ತು ನಿವೇಶನ ತೆರಿಗೆಯ ಮೇಲೆ ಶೇ 6ರಷ್ಟು ಸೆಸ್ ಸಂಗ್ರಹವಾಗುತ್ತದೆ. ಸಂಗ್ರಹವಾದ ಹಣ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯಗಳಿಗೆ ಸಕಾಲದಲ್ಲಿ ತಲುಪದೆ ಬಾಕಿ ಉಳಿಯುವುದು ಕರ್ನಾಟಕದ ನೋವು; ಆದರೂ ಓದನ್ನು ನಾಗರಿಕ ಸೌಲಭ್ಯವೆಂದು ತೆರಿಗೆಯಲ್ಲೇ ಗುರುತಿಸಿದ್ದು ಅದರ ದೊಡ್ಡತನ. 2019ರ ನಂತರ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಹೊಸ ರೂಪ ಪಡೆದವು. 2020ರಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಹಳೆಯ ಪಂಚಾಯಿತಿ ಕೋಣೆಯೊಂದಕ್ಕೆ ಬಣ್ಣ ಬಳಿದು, ಗೋಡೆಗೆ ಚಿತ್ರ ಬಿಡಿಸಿ, ಮಕ್ಕಳ ಎತ್ತರದ ಮೇಜು ಹಾಕಿದರೂ ಗ್ರಂಥಾಲಯ ಹುಟ್ಟುತ್ತದೆಂದು ಈ ಅರಿವು ಕೇಂದ್ರಗಳು ತೋರಿಸಿಕೊಟ್ಟಿವೆ. ಕಾಳಿಘಾಟ್‌ನಲ್ಲಿ ಯಾತ್ರಿಕರ ಛತ್ರವೊಂದು ನಿರ್ಗತಿಕರ ಆಶ್ರಯವಾಗಬಹುದಾದರೆ, ಹಳೆಯ ಕಟ್ಟಡವೊಂದು ಓದಿನ ಮನೆಯಾಗುವುದಕ್ಕೂ ಅಡ್ಡಿಯಿಲ್ಲ.

ಇಷ್ಟೆಲ್ಲದರ ಸಾರ ಸರಳವಾಗಿದೆ. ನಕ್ಷೆ ಬರೆಯುವ ಮೊದಲು ಆ ಬಡಾವಣೆಯಲ್ಲಿ ಗ್ರಂಥಾಲಯಕ್ಕೆ ಬರುವ ಸಾಧ್ಯತೆ ಎಲ್ಲರಿಗಿಂತ ಕಡಿಮೆ ಇರುವವರು ಯಾರೆಂದು ಕೇಳಬೇಕು, ಅವರ ಬಳಿಗೆ ಹೋಗಿ ಅವರ ಮಾತನ್ನು ದಾಖಲಿಸಬೇಕು, ಕಟ್ಟಿದ ಮೇಲೆ ವರ್ಷಕ್ಕೊಮ್ಮೆ ಅವರನ್ನೇ ಕರೆದು ಕಟ್ಟಡವನ್ನು ಪರೀಕ್ಷಿಸಬೇಕು. ಅವರಿಗೆ ಒಗ್ಗುವ ಕಟ್ಟಡ ಉಳಿದೆಲ್ಲರಿಗೂ ಒಗ್ಗುತ್ತದೆ. ಈ ಪರೀಕ್ಷೆ ಕಾಳಿಘಾಟ್‌ಗೆ ಮಾತ್ರ ಸೀಮಿತವಲ್ಲ. ಕನ್ನಡ ನಾಡಿನ ಓದುಗರು ತಮ್ಮೂರಿನ ಗ್ರಂಥಾಲಯಕ್ಕೆ ಒಮ್ಮೆ ಹೋಗಿ, ಬಾಗಿಲಿಗೆ ಎಷ್ಟು ಮೆಟ್ಟಿಲಿದೆ, ಇಳಿಜಾರು ದಾರಿ ಇದೆಯೇ, ಶೌಚಾಲಯ ತೆರೆದಿದೆಯೇ, ಸಂಜೆ ದೀಪ ಎಷ್ಟು ಹೊತ್ತಿನವರೆಗೆ ಉರಿಯುತ್ತದೆ ಎಂದು ನೋಡಿ, ಕೊರತೆ ಕಂಡದ್ದನ್ನು ತಮ್ಮ ಪಂಚಾಯಿತಿಗೆ ಅಥವಾ ನಗರಸಭೆಗೆ ಬರೆದು ತಿಳಿಸಬೇಕು. ಗ್ರಂಥಾಲಯ ಸೆಸ್ ಕಟ್ಟುವ ಪ್ರತಿಯೊಬ್ಬರಿಗೂ ಆ ಅಧಿಕಾರವಿದೆ.